ಬಿಡಾರದ ಭಾವ

ನಮ್ಮ ಭಾವನ ಕೆಲಸ ಬೇರೆಯವರ ಮನೆ ಬಿಡಿಸುವುದು. ಹೀಗೆಂದರೆ ಕೇಳಿದವರು ಹುಬ್ಬೇರಿಸುತ್ತಾರೆ, ಬಾಡಿಗೆಯವರನ್ನು ಒಕ್ಕಲೆಬ್ಬಿಸುವ ರೌಡಿಯೇನೋ ಅಂದುಕೊಳ್ಳುತ್ತಾರೆ. ಹಾಗೇನಿಲ್ಲ. ಜನ ಒಂದು ಮನೆ ಬಿಟ್ಟು ಇನ್ನೊಂದಕ್ಕೆ ಹೋಗುವಾಗ ಬೀರು, ಮಂಚ, ಫ್ರಿಜ್ಜು, ಪಾತ್ರೆಪಡಗ ಎಲ್ಲ ಕಟ್ಟಿ, ಟೆಂಪೋಗೆ ಹೇರಿ, ಹೊಸ ಮನೆಯಲ್ಲಿ ಇಳಿಸಿ ಬರುವ ಆಳುಗಳಿಗೆ ಅವರು ಮೇಸ್ತ್ರಿ. ಆ ಟೆಂಪೋದ ಡ್ರೈವರು ನಾನು. ಅವರ ಹೆಂಡತಿ ನನ್ನ ಒಡಹುಟ್ಟಿದ ಅಕ್ಕ. ಹೀಗಾಗಿ ಹಗಲೆಲ್ಲ ಭಾವನ ಬೈಗುಳ, ಸಂಜೆಯಾದರೆ ಅಕ್ಕನ ದೂರು, ಎರಡೂ ನನ್ನ ಪಾಲಿಗೇ ಬರುತ್ತಿದ್ದವು.

ಭಾವನ ಬಾಯಿಂದ 'ಬಿಡು' ಎಂಬ ಒಂದು ಮಾತನ್ನು ಕಿತ್ತುಕೊಂಡರೆ ಅವರ ದಿನ ಸಾಗುವುದೇ ಇಲ್ಲ ಎಂದು ನಾನು ಚುಡಾಯಿಸುತ್ತಿದ್ದೆ. ಗಿರಾಕಿಗೆ ಅವರು ಕೇಳುವ ಮೊದಲ ಪ್ರಶ್ನೆ, ಮನೆ ಯಾವತ್ತು ಬಿಡ್ತೀರಿ. ಎರಡನೆಯದು, ಇದನ್ನ ಒಯ್ಯೋದಾ ಬಿಡೋದಾ. ಮೆಟ್ಟಿಲ ಮೇಲೆ ಬೀರು ಇಳಿಯುವಾಗ 'ಕೈ ಬಿಡಬೇಡ', ಗೇಟಿನ ಹತ್ತಿರ ಗುಂಪು ಕಟ್ಟಿ ನೋಡುವವರಿಗೆ 'ದಾರಿ ಬಿಡಿ', ಭಾರ ನೆಲ ಮುಟ್ಟಿದ ಮೇಲೆ 'ಈಗ ಬಿಡು'. ನಮ್ಮ ಆಳುಗಳಲ್ಲಿ ಪೈಲ್ವಾನ ಎಂಬುವನೊಬ್ಬನಿದ್ದಾನೆ. ಗಾಳಿ ಬಂದರೆ ಹಾರಿಹೋಗುವಂತಿರುವುದರಿಂದ ಆ ಹೆಸರು, ಆದರೆ ಫ್ರಿಜ್ಜನ್ನು ಒಬ್ಬನೇ ಬೆನ್ನ ಮೇಲೆ ಹೊತ್ತು ಮೂರು ಮಹಡಿ ಹತ್ತುತ್ತಾನೆ. ಅವನು ಮಾತಿಗೆ ನಿಂತರೆ 'ರೈಲು ಬಿಟ್ಟಿದ್ದು ಸಾಕು, ಹಗ್ಗ ಹಿಡಿ'. ಗಾಜಿನ ಲೋಟ ಒಡೆದು ಮನೆಯಾಕೆ ಮುಖ ಸಣ್ಣದು ಮಾಡಿಕೊಂಡರೆ 'ಹೋಗ್ಲಿ ಬಿಡಿ ಅಮ್ಮ'. ಹೀಗೆ ಬೆಳಗಿಂದ ಸಂಜೆಯವರೆಗೆ ನಡೆಯುತ್ತಿತ್ತು.

ಬೇರೆಯವರ ಮನೆ ಬಿಡಿಸಿದ್ದು ಸಾಲದು ಎಂಬಂತೆ ಅವರು ತಮ್ಮ ಮನೆಯನ್ನೂ ಬಿಡುತ್ತಲೇ ಇದ್ದರು. ಒಂದು ಮನೆಯಲ್ಲಿ ನಲ್ಲಿ ತೊಟ್ಟಿಕ್ಕುತ್ತದೆ, ಇನ್ನೊಂದರಲ್ಲಿ ಪಕ್ಕದವರ ರೇಡಿಯೋ, ಮತ್ತೊಂದರಲ್ಲಿ ಗೋಡೆಯ ಬಣ್ಣ ಹಿಡಿಸಲಿಲ್ಲ. ಕಾರಣ ಇಲ್ಲದಿದ್ದರೂ ನಡೆಯುತ್ತಿತ್ತು. ಮನೆ ಬಿಡುವ ಗಾಳಿ ಬೀಸತೊಡಗಿದ್ದು ನಮಗೆ ಮೊದಲೇ ತಿಳಿಯುತ್ತಿತ್ತು. ಭಾವ ನಿಂತುಕೊಂಡು ಊಟ ಮಾಡಲು ಶುರುಮಾಡುತ್ತಿದ್ದರು. ತಟ್ಟೆ ಕೈಯಲ್ಲಿ ಹಿಡಿದು ಆ ಕೋಣೆಯಿಂದ ಈ ಕೋಣೆಗೆ, ಈ ಕೋಣೆಯಿಂದ ಬಾಗಿಲಿಗೆ. ಕಿಟಕಿ ತೆರೆಯುವುದು, ಮುಚ್ಚುವುದು, ಮತ್ತೆ ತೆರೆಯುವುದು. ಕಾಲಿಗೆ ಚಕ್ರ ಕಟ್ಟಿಕೊಂಡ ಮನುಷ್ಯ ಅನ್ನುತ್ತಾರಲ್ಲ, ಅದು ಇವರನ್ನು ನೋಡಿಯೇ ಹೇಳಿದ್ದಿರಬೇಕು. ನಮ್ಮ ಮನೆಯಲ್ಲಿ ಅವರಿಗೆ ಬಿಡಾರದ ಭಾವ ಎಂದು ಹೆಸರು ಬಿದ್ದಿತ್ತು, ಅವರೆದುರಿಗೂ ಹಾಗೇ ಕರೆಯುತ್ತಿದ್ದೆವು, ಅವರೂ ನಗುತ್ತಿದ್ದರು.

ಅಕ್ಕನಿಗೆ ನಗು ಬರುತ್ತಿರಲಿಲ್ಲ. ಅವಳು ಬಟ್ಟೆ ಹೊಲಿಯುವವಳು. ಹೊಲಿಗೆಯವರ ಗಿರಾಕಿ ಬೀದಿಗೆ ಅಂಟಿಕೊಂಡಿರುತ್ತಾರೆ, ಬೀದಿ ಬದಲಾದರೆ ಅವರು ಹಿಂದೆ ಉಳಿಯುತ್ತಾರೆ. ಒಂದು ಕಡೆ ನಾಲ್ಕು ಮನೆಯವರಿಗೆ ಅವಳ ಕೈ ಒಗ್ಗಿ, ಮಕ್ಕಳ ಬಟ್ಟೆಯ ಅಳತೆ ಕೇಳದೆಯೇ ನೆನಪಿರುವ ಹೊತ್ತಿಗೆ ಭಾವ ನಿಂತು ಉಣ್ಣತೊಡಗುತ್ತಿದ್ದರು. ಹೊಸ ಬೀದಿಯಲ್ಲಿ ಮತ್ತೆ ಮೊದಲಿನಿಂದ ಶುರು, ಹರಿದ ಜೇಬು, ಉದ್ದವಾದ ಪ್ಯಾಂಟು, ಯಾರೂ ಒಲ್ಲದ ಚಿಲ್ಲರೆ ಕೆಲಸ. ಅದಕ್ಕಿಂತ ಹೆಚ್ಚು ಅವಳನ್ನು ಉರಿಸುತ್ತಿದ್ದುದು ಇನ್ನೊಂದು. ಮನೆ ಬಿಡುವ ಸುದ್ದಿ ಅವಳಿಗೆ ಗಂಡನಿಂದ ಬರುತ್ತಲೇ ಇರಲಿಲ್ಲ. ಓನರ್ ಹೇಳಬೇಕು, ಇಲ್ಲವೇ ಪೈಲ್ವಾನ ಹೇಳಬೇಕು, ಇಲ್ಲವೇ ನಾನು. ಜಗತ್ತಿಗೆಲ್ಲ ಯಾವತ್ತು ಬಿಡ್ತೀರಿ ಎಂದು ಕೇಳುವ ಮನುಷ್ಯ ಹೆಂಡತಿಯನ್ನು ಒಂದು ಸಲವೂ ಕೇಳಲಿಲ್ಲ. ಈ ವಿಷಯದಲ್ಲಿ ನನಗೆ ಭಾವನ ಮೇಲೆ ಕೋಪವಿತ್ತು, ಈಗಲೂ ಅದನ್ನು ನೆನೆದರೆ ಸಿಟ್ಟು ಬರುತ್ತದೆ.

ಕೊನೆಗೆ ಒಂದು ಮೂಲೆ ಮನೆಗೆ ಬಂದರು. ನೆಲಮಾಳಿಗೆಯೂ ಅಲ್ಲ, ಮಹಡಿಯೂ ಅಲ್ಲ, ರಸ್ತೆಗಿಂತ ಎರಡೇ ಮೆಟ್ಟಿಲು ಮೇಲೆ. ಮುಂದಿನ ಕೋಣೆಗೆ ರಸ್ತೆಯ ಕಡೆ ದೊಡ್ಡದೊಂದು ಕಿಟಕಿ. ಅಕ್ಕ ಮೊದಲ ದಿನವೇ ಹೊಲಿಗೆ ಮಿಶನ್ನನ್ನು ಆ ಕಿಟಕಿಗೆ ಮುಖ ಮಾಡಿ ಇಟ್ಟಳು. ಗಿರಾಕಿಗಳು ಒಳಗೆ ಬರುವ ಕೆಲಸವೇ ಇರಲಿಲ್ಲ, ಸರಳುಗಳ ನಡುವಿನಿಂದ ಬಟ್ಟೆ ಕೊಟ್ಟು ಹೋಗುತ್ತಿದ್ದರು. ಆಸ್ಪತ್ರೆಯ ನರ್ಸುಗಳು ಬಂದರು, ಅವರ ಹಿಂದೆ ಶಾಲೆಯ ಟೀಚರು, ಬ್ಯಾಂಕಿನ ಕಾವಲುಗಾರ. ಹೊಲಿಗೆ ಅಮ್ಮನ ಕಿಟಕಿ ಎಂದರೆ ಆಟೋದವರಿಗೂ ಗೊತ್ತಾಗುವಂತಾಯಿತು. ಆ ವರ್ಷ ಟೆಂಪೋಗೆ ಬಿಡುವೇ ಇರಲಿಲ್ಲ, ಭಾವನಿಗೆ ತಮ್ಮ ಮನೆಯ ಬಗ್ಗೆ ಯೋಚಿಸಲು ಪುರುಸೊತ್ತು ಸಿಗಲಿಲ್ಲ. ಮರು ವರ್ಷವೂ ಹಾಗೆಯೇ ದಾಟಿತು. ಅಕ್ಕನ ಮುಖದಲ್ಲಿ ಒಂದು ಬಗೆಯ ನೆಮ್ಮದಿ ಕಂಡು ನಾನು, ಪರವಾಗಿಲ್ಲ, ಬೇರು ಬಿಟ್ಟಿದ್ದೀಯ ಅಂದೆ. ಕಿತ್ತು ಹೋಗುವುದಕ್ಕೂ ಬಿಡುವುದು ಅನ್ನುತ್ತೇವೆ, ಬೇರಿಳಿಸುವುದಕ್ಕೂ ಬಿಡುವುದು ಅನ್ನುತ್ತೇವೆ, ಯಾವುದಾಗುತ್ತದೋ ನೋಡೋಣ ಎಂದು ಅವಳು ಸೂಜಿಗೆ ದಾರ ಪೋಣಿಸಿದಳು.

ಒಂದು ದಿನ ಊಟದ ಹೊತ್ತಿಗೆ ನಾನು ಹೋದಾಗ ಭಾವ ತಟ್ಟೆ ಹಿಡಿದು ನಿಂತಿದ್ದರು.

ಅದಾದ ವಾರದಲ್ಲಿ ಓನರಮ್ಮ ಕಿಟಕಿಯ ಹತ್ತಿರ ಬಂದು, ನೀವು ಹೋದಮೇಲೆ ನನ್ನ ಬಟ್ಟೆ ಯಾರಿಗಮ್ಮ ಕೊಡಲಿ ಎಂದು ಕೇಳಿದರಂತೆ. ಭಾವ ಆಗಲೇ ಮನೆ ಬಿಡುತ್ತೇವೆಂದು ಹೇಳಿಬಿಟ್ಟಿದ್ದರು, ಊರಿನ ಇನ್ನೊಂದು ಕೊನೆಯಲ್ಲಿ ಮೂರನೇ ಮಹಡಿಯ ಮನೆಯನ್ನು ನೋಡಿಯೂ ಆಗಿತ್ತು. ಮೂರನೇ ಮಹಡಿಗೆ ಹತ್ತಿ ಯಾರು ಬಟ್ಟೆ ಕೊಡುತ್ತಾರೆ? ಅಕ್ಕ ಆ ದಿನ ಮಿಶನ್ ತುಳಿಯಲಿಲ್ಲ. ಸಂಜೆ ಭಾವ ಬಂದಾಗ, ಅಲ್ಲಿಯವರೆಗೆ ಎಲ್ಲ ಮನೆಗಳನ್ನೂ ಮಾತಿಲ್ಲದೆ ಬಿಟ್ಟ ನನ್ನ ಅಕ್ಕ, ನಾನು ಈ ಮನೆ ಬಿಡಲ್ಲ ಎಂದಳು. ಭಾವ ಕೈಕಾಲು ತೊಳೆಯುತ್ತ, ನೋಡೋಣ ಬಿಡು ಅಂದರು. ಅವಳು ಮತ್ತೆ ಬಾಯಿ ಬಿಡಲಿಲ್ಲ. ಒಪ್ಪಿದಳು ಅಂದುಕೊಂಡರು ಭಾವ. ನಾನೂ ಹಾಗೇ ಅಂದುಕೊಂಡೆ, ಮನಸ್ಸಿಗೆ ತುಂಬ ಕೆಡುಕಾಯಿತು.

ಇಲ್ಲಿ ನಮ್ಮ ಕಸುಬಿನ ಒಂದು ಕಟ್ಟುಪಾಡನ್ನು ಹೇಳಬೇಕು. ಮನೆ ಬಿಡುವವರು ಎಲ್ಲವನ್ನೂ ಒಯ್ಯುವುದಿಲ್ಲ. ಓನರಿಗೆ ಸೇರಿದ ಕಪಾಟು, ಪಕ್ಕದ ಮನೆಗೆ ಕೊಡುವ ಮೇಜು, ಗುಜರಿಗೆ ಹೋಗುವ ಮಂಚ, ಏನಾದರೊಂದು ಉಳಿಯುತ್ತದೆ. ಹಿಂದೊಮ್ಮೆ ಗಂಡ ಒಯ್ಯಿರಿ ಅಂದ ಕುರ್ಚಿಯನ್ನು ಹೆಂಡತಿ ಬಿಡಿ ಅಂದು, ಇಬ್ಬರೂ ಅದರ ಒಂದೊಂದು ಕಾಲು ಹಿಡಿದು ಜಗ್ಗಾಡಿ, ನಡುವೆ ಸಿಕ್ಕಿದ ಪೈಲ್ವಾನ ಒಂದು ಹಲ್ಲು ಕಳೆದುಕೊಂಡ. ಅಂದಿನಿಂದ ಕೆಲಸ ಶುರುವಾಗುವ ಮುಂಚೆ ಭಾವ ಮನೆಯಾಕೆಯ ಕೈಗೆ ಸೀಮೆಸುಣ್ಣದ ತುಂಡು ಕೊಡುತ್ತಾರೆ. ಬಿಡುವ ಸಾಮಾನಿನ ಮೇಲೆಲ್ಲ ಆಕೆ ಇಂಟು ಗುರುತು ಹಾಕಬೇಕು. ಗುರುತು ಬಿದ್ದದ್ದನ್ನು ನಾವು ಮುಟ್ಟುವಂತಿಲ್ಲ, ಗಂಡ ಬಂದು ಎಗರಾಡಿದರೂ ಅಷ್ಟೆ. ಅಳಿಸುವುದಿದ್ದರೆ ಆಕೆಯೇ ಅಳಿಸಬೇಕು. ಮನೆಯಲ್ಲಿ ಏನಿದೆ ಎಂಬುದು ಗಂಡಸರಿಗೆ ಏನು ಗೊತ್ತು ಎಂದು ಭಾವ ಆಳುಗಳಿಗೆ ಪಾಠ ಹೇಳುತ್ತಿದ್ದರು. ಇದನ್ನು ಮೀರಿದ ಒಬ್ಬನನ್ನು ಅಲ್ಲಿಂದಲ್ಲೇ ಕೆಲಸ ಬಿಡಿಸಿ ಕಳಿಸಿದ್ದೂ ಉಂಟು.

ಮನೆ ಬಿಡಬೇಕಾದ ದಿನ ಬೆಳಿಗ್ಗೆ ನಾವು ಟೆಂಪೋ ತೆಗೆದುಕೊಂಡು ಮೂಲೆ ಮನೆಗೆ ಹೋದಾಗ ಅಕ್ಕ ಬಾಗಿಲಲ್ಲೇ ನಿಂತಿದ್ದಳು. ಭಾವ ಮುಂದಿನ ದಿನದ ಕೆಲಸದ ಬಗ್ಗೆ ಪೈಲ್ವಾನನಿಗೆ ಏನೋ ಹೇಳುತ್ತ ಮೆಟ್ಟಿಲು ಹತ್ತಿದರು. ಜೇಬಿಗೆ ಕೈ ಹಾಕಿ ಸೀಮೆಸುಣ್ಣ ತೆಗೆದು ಅವಳ ಕೈಗಿಟ್ಟು, ದಿನಾ ಹೇಳುವ ದನಿಯಲ್ಲೇ ಹೇಳಿದರು. "ಬಿಡೋ ಸಾಮಾನಿಗೆಲ್ಲ ಗುರುತು ಹಾಕಿಬಿಡಿ ಅಮ್ಮ."

ಪೈಲ್ವಾನ ಕಿಸಕ್ಕೆಂದ. ಭಾವನಿಗೆ ಆಮೇಲೆ ಎಚ್ಚರವಾಯಿತು, ನಾಲಿಗೆ ಕಚ್ಚಿಕೊಂಡು, ತಮಾಷೆ ಮಾಡಿದೆ ಎಂಬಂತೆ ತಲೆ ಕೆರೆದುಕೊಂಡರು. ಅಕ್ಕ ನಗಲಿಲ್ಲ. ಸೀಮೆಸುಣ್ಣವನ್ನು ಒಮ್ಮೆ ನೋಡಿ, ಹಾಕ್ತೀನಿ ಎಂದು ಒಳಗೆ ಹೋದಳು. ನಾವು ಟೆಂಪೋದ ಹಿಂದೆ ನಿಂತು ಟೀ ಕುಡಿದೆವು, ಹಗ್ಗ ಬಿಚ್ಚಿದೆವು, ಗೋಣಿ ಹಾಸಿದೆವು.

ಮೊದಲು ಒಳಗೆ ಹೋದವನು ಪೈಲ್ವಾನ. ಹೋದಷ್ಟೇ ಬೇಗ ಹೊರಗೆ ಬಂದು, ಮೇಸ್ತ್ರಿ, ಇಲ್ಲಿ ಒಯ್ಯೋದೇ ಏನೂ ಇಲ್ಲ ಅಂದ. ನಾವೆಲ್ಲ ಒಳಗೆ ನುಗ್ಗಿದೆವು. ಬೀರುವಿನ ಮೇಲೆ ಇಂಟು. ಮಂಚದ ಮೇಲೆ ಇಂಟು. ಮಿಶನ್ನು, ಕನ್ನಡಿ, ಸ್ಟವ್ವು, ಬಕೆಟ್ಟು, ಅಕ್ಕಿಯ ಡಬ್ಬ, ಕೊನೆಗೆ ಬಾಗಿಲ ಹಿಂದಿನ ಕಸಪೊರಕೆಯ ಹಿಡಿಯ ಮೇಲೂ ಪುಟ್ಟದೊಂದು ಇಂಟು. ಗುರುತಿಲ್ಲದೆ ಉಳಿದದ್ದು ಭಾವನ ಟ್ರಂಕು, ಅವರ ಬೂಟು, ಮಡಚುವ ಕುರ್ಚಿ, ಗಡ್ಡ ಹೆರೆಯುವ ಪೆಟ್ಟಿಗೆ, ತಂತಿಯ ಮೇಲೆ ನೇತಾಡುತ್ತಿದ್ದ ಎರಡು ಅಂಗಿ.

ಭಾವ ಒಂದು ಸುತ್ತು ಬಂದರು. ಮೊದಲು ಅವರಿಗೆ ಅರ್ಥವಾಗಲಿಲ್ಲ, ಆಮೇಲೆ ಕಿವಿ ಕೆಂಪಗಾಯಿತು. ಎತ್ತಿ ಎಲ್ಲ ಎಂದು ಆಳುಗಳ ಮೇಲೆ ರೇಗಿದರು. ಯಾರೂ ಕದಲಲಿಲ್ಲ. ಪೈಲ್ವಾನ ನೆಲ ನೋಡುತ್ತ, ಗುರುತು ಬಿದ್ದಿದೆ ಮೇಸ್ತ್ರಿ, ಮುಟ್ಟಬೇಡಿ ಅಂದೋರು ನೀವೇ ಎಂದು ಮೆಲ್ಲಗೆ ಹೇಳಿದ. ಭಾವ ಹೆಗಲ ಮೇಲಿನ ಟವೆಲು ಎಳೆದು ಬೀರುವಿನ ಗುರುತನ್ನು ತಾವೇ ಒರೆಸಲು ಹೋದರು. ಟವೆಲು ಬೀರುವಿನವರೆಗೆ ಹೋಯಿತು, ಅಲ್ಲಿಂದ ಮುಂದಕ್ಕೆ ಹೋಗಲಿಲ್ಲ. ಆಳುಗಳೆಲ್ಲ ನೋಡುತ್ತಿದ್ದರು.

ಆಗ ಅಕ್ಕ ಮಾತಾಡಿದಳು. "ರೀ, ನಾನು ನಿಮ್ಮನ್ನ ಬಿಟ್ಟಿಲ್ಲ. ಮನೆ ಬಿಡಲ್ಲ ಅಂದೆ, ಅಷ್ಟೆ. ಓನರಮ್ಮನ ಹತ್ರ ಮಾತಾಡಿದೀನಿ, ಇನ್ನು ಈ ಮನೆ ನನ್ನ ಹೆಸರಲ್ಲೇ ಇರುತ್ತೆ. ಹೋಗೋದು ಬಿಡೋದು ನಿಮಗೆ ಬಿಟ್ಟಿದ್ದು."

ಇಂಥ ಹೊತ್ತಿನಲ್ಲಿ ಗಂಡಸರಿಗೆ ಬುದ್ಧಿ ಬರುವುದಿಲ್ಲ, ಜಂಭ ಬರುತ್ತದೆ. ಭಾವ ಗುರುತಿಲ್ಲದ ಸಾಮಾನನ್ನಷ್ಟೇ ಹೇರಿಸಿದರು. ಎರಡು ಬೀರು ಹಿಡಿಸುವ ಟೆಂಪೋದಲ್ಲಿ ಒಂದು ಟ್ರಂಕು ಆ ಕಡೆಯಿಂದ ಈ ಕಡೆಗೆ ಜಾರುತ್ತ, ಪ್ರತಿ ತಿರುವಿನಲ್ಲೂ ಧಡ್ ಎನ್ನುತ್ತ ಊರು ದಾಟಿತು. ಆಳುಗಳನ್ನು ಅರ್ಧ ದಾರಿಯಲ್ಲೇ ಇಳಿಸಿ ಕಳಿಸಿದೆವು. ನನಗೆ ಅಕ್ಕನ ಬಗ್ಗೆ ಹೆಮ್ಮೆ, ಅದರ ಬೆನ್ನಿಗೇ ಭಯ. ಇವರಿಬ್ಬರ ಸಂಸಾರವನ್ನು ನಾನೇ ನನ್ನ ಗಾಡಿಯಲ್ಲಿ ಎರಡು ಮಾಡುತ್ತಿದ್ದೇನಲ್ಲ ಅನ್ನಿಸುತ್ತಿತ್ತು.

ಖಾಲಿ ಮನೆ ಎಂದರೆ ಭಾವನಿಗೆ ಎಲ್ಲಿಲ್ಲದ ಖುಷಿ. ಬೇರೆ ದಿನವಾಗಿದ್ದರೆ ಬಾಗಿಲು ತೆಗೆದು ಒಳಗೆ ಹೋಗಿ ಒಮ್ಮೆ ಕೆಮ್ಮಿ, ಕೋಣೆ ಮಾರ್ದನಿ ಕೊಡುವುದನ್ನು ಕೇಳಿ ನಗುತ್ತಿದ್ದರು. ಆ ದಿನ ಟ್ರಂಕನ್ನು ಗೋಡೆಗೆ ಇಟ್ಟು, ಸರಿಹೋಗದೆ ಇನ್ನೊಂದು ಗೋಡೆಗೆ ಎಳೆದು, ಕಿಟಕಿಗಳನ್ನೆಲ್ಲ ತೆರೆದು, ಮತ್ತೆ ಮುಚ್ಚಿ, ಬಚ್ಚಲಿನ ನಲ್ಲಿ ತಿರುಗಿಸಿ ನೋಡಿ ಬಂದರು. ಮಡಚುವ ಕುರ್ಚಿ ಬಿಚ್ಚಿದರು, ಕೂರಲಿಲ್ಲ. ನೀನು ಹೊರಡು ಎಂದು ನನಗೆ ಹೇಳಿದರು. ನಾನು ಹೊರಡಲಿಲ್ಲ. ನನ್ನ ತಾಳ್ಮೆ ಅಷ್ಟು ಹೊತ್ತಿಗೆ ಮುಗಿದಿತ್ತು. ಇಷ್ಟು ವರ್ಷ ಅವಳನ್ನು ಗಂಟುಮೂಟೆಯ ಹಾಗೆ ಎತ್ತಿಕೊಂಡು ತಿರುಗಿದಿರಿ, ಈಗಲಾದರೂ ಯಾಕೆ ಅಂತ ಹೇಳಿ, ಆ ಮನೆ ನಿಮಗೇನು ಮಾಡಿತ್ತು ಎಂದು ಕೇಳಿದೆ. ಭಾವನ ಮೇಲೆ ದನಿ ಏರಿಸಿದ್ದು ಅದೇ ಮೊದಲು.

ಅವರು ಕಿಟಕಿಯ ಹತ್ತಿರ ಹೋದರು. ಆಮೇಲೆ ಹೇಳಿದರು. ಅವರು ಚಿಕ್ಕವರಿದ್ದಾಗ ಒಂದು ಬೆಳಿಗ್ಗೆ ಅವರಪ್ಪ ಹೊರಗೆ ಹೋದವರು ಮತ್ತೆ ಬರಲಿಲ್ಲವಂತೆ. ಸುತ್ತಲಿನವರೆಲ್ಲ ಬಿಟ್ಟುಹೋದ ಅಂದರು. ಅವರಮ್ಮ ಮಾತ್ರ ಹೊರಗೆ ಹೋಗಿದಾರೆ ಎಂದೇ ಹೇಳುತ್ತಿದ್ದರು, ಒಂದು ದಿನವೂ ಆ ಇನ್ನೊಂದು ಮಾತನ್ನು ಬಾಯಿಗೆ ತರಲಿಲ್ಲ. ಇದ್ದದ್ದು ಒಂದೇ ಕೋಣೆ. ಸೂರು ಸೋರಿತು, ಗೋಡೆ ಬಿರುಕು ಬಿಟ್ಟಿತು, ಓನರ್ ಬಾಯಿಗೆ ಬಂದಂತೆ ಬೈದ. ಆಕೆ ಜಾಗ ಬಿಡಲಿಲ್ಲ, ಬಂದವರು ವಿಳಾಸ ಎಲ್ಲಿ ಹುಡುಕಬೇಕು ಎನ್ನುತ್ತಿದ್ದರು. ಸಂಜೆಯಾದರೆ ಬಾಗಿಲಲ್ಲಿ ಮಗನನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಬೀದಿ ನೋಡುತ್ತಿದ್ದರು. ಆಡಲು ಬಿಡುತ್ತಿರಲಿಲ್ಲ. ಹೀಗೆ ಅವರು ದೊಡ್ಡವರಾದರು. ಆಕೆ ಅದೇ ಬಾಗಿಲಲ್ಲಿ ಕೂತುಕೊಂಡೇ ಹೋಗಿಬಿಟ್ಟರು.

"ಎಲ್ಲೇ ಕೂತ್ರೂ ನಂಗೆ ಅದೇ ಬಾಗಿಲು ಕಾಣುತ್ತೆ ಕಣೋ" ಅಂದರು ಭಾವ. "ಆ ಮನೇಲಂತೂ ನಿಮ್ಮಕ್ಕ ದಿನಾ ಸಂಜೆ ಕಿಟಕೀಲಿ ಕೂತಿರ್ತಾಳೆ. ತಿರುವಿನಲ್ಲಿ ಬರ್ತಿದ್ದ ಹಾಗೇ ಅವಳ ಮುಖ ಕಾಣುತ್ತೆ. ನನಗೆ ಉಸಿರು ಕಟ್ಟುತ್ತೆ."

ಅಷ್ಟು ಹೊತ್ತು ಕುದಿಯುತ್ತಿದ್ದ ಸಿಟ್ಟು ಇಳಿಯಿತು. ಆದರೂ ಬಾಯಿ ಸುಮ್ಮನಿರಲಿಲ್ಲ. ಇದನ್ನು ಅಕ್ಕನಿಗೆ ಹೇಳಿದೀರಾ ಎಂದೆ. ಹೇಗೆ ಹೇಳೋದು ಅಂದರು. ಬಾಯಿ ಬಿಟ್ಟು ಹೇಳೋದು, ಇನ್ನು ಹೇಗೆ, ಎಂದು ಮೆಟ್ಟಿಲಿಳಿದು ಬಂದು ಗಾಡಿ ಸ್ಟಾರ್ಟ್ ಮಾಡಿದೆ. ಅವರು ಬಾರದಿದ್ದರೆ ಎಂದು ಭಯವಾಗಿತ್ತು. ಸ್ವಲ್ಪ ಹೊತ್ತಿಗೆ ಪಕ್ಕದ ಬಾಗಿಲು ತೆರೆದು ಹತ್ತಿ ಕೂತರು. ಮೇಲೆ ಬೀಗ ಹಾಕಿದರೋ ಇಲ್ಲವೋ ನಾನು ಕೇಳಲಿಲ್ಲ. ದಾರಿಯುದ್ದಕ್ಕೂ ಮೊಣಕಾಲು ಕುಣಿಸುತ್ತಲೇ ಇದ್ದರು.

ಮೂಲೆ ಮನೆಗೆ ಬಂದಾಗ ಇನ್ನೂ ಬಿಸಿಲಿತ್ತು. ಅಕ್ಕ ಕಿಟಕಿಯಲ್ಲಿ ಕೂತು ನರ್ಸೊಬ್ಬರ ಬಿಳಿ ಕೋಟಿಗೆ ತೋಳು ಕೂರಿಸುತ್ತಿದ್ದಳು. ಭಾವ ಬಾಗಿಲ ಕಡೆ ಹೋಗಲಿಲ್ಲ. ಗಿರಾಕಿಗಳು ನಿಲ್ಲುವ ಜಾಗದಲ್ಲಿ, ರಸ್ತೆಯಲ್ಲಿ, ಸರಳು ಹಿಡಿದು ನಿಂತರು. ನಾನು ಬಾನೆಟ್ಟು ತೆರೆದು ಏನೋ ರಿಪೇರಿ ಇರುವವನಂತೆ ಬಗ್ಗಿಕೊಂಡೆ, ಕಿವಿ ಮಾತ್ರ ಅಲ್ಲೇ ಇತ್ತು.

ಅವರು ಹೇಳತೊಡಗಿದರು. ನನಗೆ ಹೇಳಿದ್ದನ್ನೇ, ಆದರೆ ಹಿಂದುಮುಂದಾಗಿ, ತಡವರಿಸುತ್ತ. ಅಪ್ಪ, ಆ ಕೋಣೆ, ಬಾಗಿಲಲ್ಲಿ ಕೂತ ಅಮ್ಮ. ಮೊದಮೊದಲು ಮಿಶನ್ನಿನ ಸದ್ದು ನಿಲ್ಲಲಿಲ್ಲ. ಅಮ್ಮನ ಮಾತು ಬಂದಾಗ ನಿಂತಿತು. ಇಷ್ಟು ವರ್ಷ ಜೊತೆಗಿದ್ದವಳಿಗೆ ಇದೊಂದೂ ಗೊತ್ತಿರಲಿಲ್ಲ, ಅವರಪ್ಪ ತೀರಿಕೊಂಡವರು ಎಂದೇ ಅವಳು ತಿಳಿದಿದ್ದಳು. ಕೊನೆಗೆ ಭಾವ, ನೀನೂ ಹಾಗೇ ಕಿಟಕೀಲಿ ಕೂತು ನನಗೋಸ್ಕರ ಕಾಯೋದನ್ನ ನೋಡೋಕಾಗಲ್ಲ ಅಂದರು.

ಅಕ್ಕ ಕೋಟನ್ನು ತೊಡೆಯ ಮೇಲೆ ಹರಡಿಕೊಂಡಳು. ಅಳುತ್ತಿದ್ದಾಳೇನೋ ಅಂದುಕೊಂಡೆ. ಕಣ್ಣು ಒರೆಸಿಕೊಂಡದ್ದು ನಿಜ, ಆದರೆ ಮಾತು ಬಂದದ್ದು ಅವಳ ಎಂದಿನ ಗಡಸು ದನಿಯಲ್ಲೇ.

"ನಿಮಗೋಸ್ಕರ ಕಾಯ್ತಿದೀನಿ ಅಂತ ಯಾರು ಹೇಳಿದ್ರು ನಿಮಗೆ? ಒಂದಿನ ಆದ್ರೂ ತಲೆ ಎತ್ತಿ ರಸ್ತೆ ನೋಡಿದೀನಾ? ಎರಡು ವರ್ಷದಿಂದ ನಾನು ಇಲ್ಲಿ ಹೊಲೀತಾ ಕೂತಿದೀನಿ ರೀ."

ಭಾವ ಅವಳ ಮುಖವನ್ನೂ ಮಿಶನ್ನನ್ನೂ ನೋಡಿದರು. ಇಷ್ಟು ದಿನ ತಿರುವಿನಿಂದ ಅವರಿಗೆ ಮುಖವೊಂದೇ ಕಂಡಿತ್ತು, ಅದರ ಕೆಳಗಿನ ಕೈಗಳು ಕಂಡಿರಲಿಲ್ಲ. ಸರಳು ಬಿಟ್ಟು, ಮತ್ತೆ ಹಿಡಿದರು.

ಅಕ್ಕ ಸೂಜಿಯ ಕೆಳಗೆ ಬಟ್ಟೆ ಜೋಡಿಸಿಕೊಂಡು ಕಣ್ಣು ಕಿರಿದು ಮಾಡಿದಳು. "ಬೆಳಕು ಬಿಟ್ಟು ನಿಂತ್ಕೊಳ್ಳಿ" ಅಂದಳು. "ಇಲ್ಲಾ ಒಳಗೆ ಬನ್ನಿ."

ಭಾವ ಒಳಗೆ ಹೋದರು. ಹೋದವರು ಕೂರಲಿಲ್ಲ, ಆ ಕೋಣೆಯಿಂದ ಈ ಕೋಣೆಗೆ ಓಡಾಡುತ್ತಲೇ ಇದ್ದರು. ಅಕ್ಕ ಹೊಲಿಯುತ್ತಲೇ ಇದ್ದಳು.